ಸವಾಕೊಗಿಂತ ಕುರುಮಿಯೇ ನನಗೆ ಇಷ್ಟ

ಕುಂಬಳೆಯಿಂದ ಮಂಗಳೂರಿಗೆ ದಿನಾ ರೈಲಿನಲ್ಲಿ ಹೋಗುವವಳು ನಾನು. ಈ ಮಳೆಗಾಲ ಆ ದಾರಿಯಲ್ಲೇ ಕರುಹೊ ಶೀನಾ ಅವರ ಜಪಾನಿ ಕಾಮಿಕ್ಸ್ (ಮಾಂಗಾ) ‘ಕಿಮಿ ನಿ ತೊದೊಕೆ’ಯ 30 ಸಂಪುಟ ಮುಗಿಸಿದೆ. ಕಥಾನಾಯಕಿ ಸವಾಕೊಳ ಉದ್ದ ಕಪ್ಪು ಕೂದಲು ನೋಡಿ ತರಗತಿಯವರು ಅವಳಿಗೆ ಭೂತದ ಸಿನಿಮಾದ ‘ಸದಾಕೊ’ ಹೆಸರಿಟ್ಟಿದ್ದಾರೆ. ಆದರೂ ಅವಳಿಗೆ ಯಾರ ಮೇಲೂ ಸಿಟ್ಟಿಲ್ಲ. ಮಲಯಾಳ ಬಾರದೆ ಶಾಲೆಯ ಜಗಲಿಯಲ್ಲಿ ಸುಮ್ಮನೆ ನಗುತ್ತಿದ್ದ ನನಗೆ ಆ ಮೌನ ಚೆನ್ನಾಗಿ ಅರ್ಥವಾಯಿತು. ಆದರೆ ವ್ಯಾಲೆಂಟೈನ್ ಚಾಕಲೇಟು ಕೈಯಾರೆ ಮಾಡಿ, ತಾನು ಮೆಚ್ಚಿದ ಸಹಪಾಠಿ ಕಜೆಹಾಯನಿಗೆ ಕೊನೆಗೆ ಕೊಡದೆ ಉಳಿಸಿಕೊಳ್ಳುತ್ತಾಳಲ್ಲ, ಅಲ್ಲಿಂದ ಶುರುವಾದ ತಪ್ಪು ತಿಳಿವಳಿಕೆ ಮುಗಿಯುವುದೇ ಇಲ್ಲ. ಉಪ್ಪಳ ದಾಟಿತು, ಮಂಜೇಶ್ವರ ದಾಟಿತು, ಇವರಿಬ್ಬರ ಮಾತು ಮಾತ್ರ ಬಾಯಿಂದ ಹೊರಬರಲಿಲ್ಲ!

ಕಜೆಹಾಯ ತೀರಾ ಒಳ್ಳೆಯವನು, ಅದೇ ಅವನ ದೋಷ. ಹೊಟ್ಟೆಕಿಚ್ಚುಪಟ್ಟು ಮುಖ ಊದಿಸಿದಾಗಷ್ಟೇ ಮನುಷ್ಯನಂತೆ ಕಾಣುತ್ತಾನೆ.

ಅವನನ್ನೇ ಪ್ರೀತಿಸುವ ಕುರುಮಿ ಹಾಗಲ್ಲ. ಗಾಳಿಸುದ್ದಿ ಹಬ್ಬಿಸಿದಳು, ಸರಿ, ಅದು ಕೆಟ್ಟದ್ದೇ. ಆದರೆ ತನಗೇನು ಬೇಕೆಂದು ಅವಳಿಗೆ ಗೊತ್ತು. ಸೋಲುವುದು ಖಚಿತವಾದರೂ ಹೋಗಿ ಅವನಿಗೆ ಪ್ರೀತಿ ಹೇಳಿ, ಅತ್ತಳು. ಸವಾಕೊಗೆ ನಿಜವಾದ ಎದುರಾಳಿಯೂ ಅವಳೇ. ಸವಾಕೊಳ ಗೆಳತಿ ಚಿಜುರು, ರ್‍ಯೂ ಜೋಡಿಗೆ ಇನ್ನಷ್ಟು ಪುಟ ಕೊಡಬಹುದಿತ್ತು.

ತಂಗಿ ಒಪ್ಪುವುದಿಲ್ಲ. ಅವಳಿನ್ನೂ ಒಂಬತ್ತನೇ ಸಂಪುಟದಲ್ಲಿದ್ದಾಳೆ, ಕಜೆಹಾಯನ ಪಾರ್ಟಿ.