ಮಲೆನಾಡಿನ ಫಿಲ್ಟರ್ ಕಾಫಿಗೆ ಯಾವ ಕೈ ಗ್ರೈಂಡರ್? ನಾಲ್ಕು ಬಗೆಗಳ ಹೋಲಿಕೆ

ಕೈ ಗ್ರೈಂಡರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಬರ್ ಸೆರಾಮಿಕ್ಕೋ ಸ್ಟೀಲೋ ಎಂದು. ಅದು ಎರಡನೆಯ ಪ್ರಶ್ನೆಯಾಗಬೇಕು. ಬೀಜ ಅರೆಯುವ ಆ ಹಲ್ಲುಗಳನ್ನು ಹಿಡಿದು ತಿರುಗಿಸುವ ನಡುವಿನ ಶಾಫ್ಟ್ ಅಲುಗಾಡುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ಶಾಫ್ಟ್ ಅಲುಗಾಡಿದರೆ ಬರ್‌ಗಳ ನಡುವಿನ ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಅಗಲವಾದ ಕಡೆಯಿಂದ ನುಚ್ಚು ಬೀಳುತ್ತದೆ, ಕಿರಿದಾದ ಕಡೆಯಿಂದ ಹಿಟ್ಟು. ಹಿಟ್ಟು ಫಿಲ್ಟರಿನ ತೂತು ಕಟ್ಟಿಸಿ ಕಹಿ ಬಿಡುತ್ತದೆ. ನುಚ್ಚು ಸಾರವನ್ನು ಒಳಗಿಟ್ಟುಕೊಂಡೇ ಚರಟಕ್ಕೆ ಹೋಗುತ್ತದೆ. ಡಿಕಾಕ್ಷನ್ ಕಹಿಯೂ ತೆಳುವೂ ಆಗುವುದು ಹೀಗೆ.

ತೀರ್ಥಹಳ್ಳಿ ಕಡೆಯ ಅಡುಗೆಮನೆಯಲ್ಲಿ ಪಕ್ಕಪಕ್ಕ ಇಟ್ಟು ನೋಡಿದ್ದು ನಾಲ್ಕು: ಮೇಜಿಗೆ ತಿರುಪು ಹಾಕಿ ಕೂರಿಸುವ ಹಳೆಯ ಎರಕದ ಕಬ್ಬಿಣದ ಮಿಷನ್, ಅಗ್ಗದ ಸೆರಾಮಿಕ್ ಬರ್‌ನ ಕೊಳವೆ ಗ್ರೈಂಡರ್, ಸ್ಟೀಲ್ ಬರ್‌ನ ಎರಡು ಕೊಳವೆ ಗ್ರೈಂಡರ್‌ಗಳಾದ ಟೈಮ್‌ಮೋರ್ ಸಿ2, ಕಿನ್‌ಗ್ರೈಂಡರ್ ಕೆ6. ಬೀಜ ಒಂದೇ, ಚಿಕ್ಕಮಗಳೂರಿನ ಅರೇಬಿಕಾ ಮುಕ್ಕಾಲು ಪಾಲು, ರೋಬಸ್ಟಾ ಕಾಲು ಪಾಲು, ಮಧ್ಯಮ ಹುರಿದದ್ದು. ಫಿಲ್ಟರೂ ಒಂದೇ, ಹಿತ್ತಾಳೆಯದು. 30 ಗ್ರಾಂ ಪುಡಿಗೆ 200 ಮಿ.ಲೀ. ಕುದಿ ಇಳಿದ ನೀರು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದುಕೊಳ್ಳುವುದರಿಂದ ಕೆಳಗೆ ಸಿಗುವುದು 140 ಮಿ.ಲೀ. ಆಸುಪಾಸು. ಹಾಲು ಸೇರಿಸಿದರೆ ನಾಲ್ಕು ಲೋಟಕ್ಕೆ ಸಾಕು.

ಬೇಕಾದ ನಯ ಎಷ್ಟು ಎಂಬುದು ಮೊದಲೇ ಗೊತ್ತಿರಬೇಕು. ಚಿರೋಟಿ ರವೆಗಿಂತ ಒಂದು ಎಳೆ ನಯವಾಗಿರಲಿ. ಉಪ್ಪಿಟ್ಟಿನ ರವೆಯಷ್ಟಾದರೆ ನೀರು ಮೂರ್ನಾಲ್ಕು ನಿಮಿಷಕ್ಕೇ ಇಳಿದುಹೋಗುತ್ತದೆ, ಮೈದಾದಷ್ಟಾದರೆ ಇಳಿಯುವುದೇ ಇಲ್ಲ. ಹದಿನೈದು ನಿಮಿಷದಲ್ಲಿ ಮೇಲಿನ ಬಟ್ಟಲು ಖಾಲಿಯಾದರೆ ಹದ ಸರಿಯಿದೆ ಎಂದರ್ಥ. ಅಂಗಡಿ ಪುಡಿಯನ್ನು ಮಾದರಿಯಾಗಿ ಇಟ್ಟುಕೊಂಡು ಅದೇ ನಯಕ್ಕೆ ಅರೆಯುವವರು ಮೋಸ ಹೋಗುತ್ತಾರೆ. ಅಂಗಡಿ ಪುಡಿಯಲ್ಲಿರುವ ಚಿಕೋರಿ ನೀರು ಕುಡಿದು ಉಬ್ಬಿ ಇಳಿಯುವುದನ್ನು ತಡೆಯುತ್ತದೆ. ಚಿಕೋರಿ ಇಲ್ಲದ ಬರೀ ಕಾಫಿಯನ್ನು ಅದಕ್ಕಿಂತ ಸ್ವಲ್ಪ ನಯವಾಗಿಯೇ ಅರೆಯಬೇಕು.

ಎರಕದ ಮಿಷನ್‌ನಿಂದ ಶುರು ಮಾಡೋಣ, ಏಕೆಂದರೆ ಮಲೆನಾಡಿನ ಎಷ್ಟೋ ಮನೆಗಳ ಅಟ್ಟದ ಮೇಲೆ ಇದು ಈಗಲೂ ಇದೆ, ಮತ್ತು ಬಹಳ ಜನ ಅದನ್ನು ಗುಜರಿಗೆ ಹಾಕುವ ಯೋಚನೆಯಲ್ಲಿರುತ್ತಾರೆ. ದಯವಿಟ್ಟು ಹಾಕಬೇಡಿ. ಇದರಲ್ಲಿ ಶಂಕುವಿನಾಕಾರದ ಬರ್ ಇಲ್ಲ. ಹಲ್ಲಿರುವ ಎರಡು ಬಿಲ್ಲೆಗಳು, ಒಂದು ನಿಂತದ್ದು, ಒಂದು ತಿರುಗುವುದು. ಮುಂದಿರುವ ರೆಕ್ಕೆ ತಿರುಪು ಬಿಗಿದಷ್ಟೂ ಪುಡಿ ನಯ. ಬಾಯಿ ದೊಡ್ಡದು, 60 ಗ್ರಾಂ ಒಂದೇ ಸಲ ಸುರಿದು ಎರಡು ನಿಮಿಷದೊಳಗೆ ಮುಗಿಸಬಹುದು. ಆರೇಳು ಜನರ ಮನೆಗೆ ಉಳಿದ ಮೂರೂ ಈ ವಿಷಯದಲ್ಲಿ ಇದರ ಹತ್ತಿರ ಬರುವುದಿಲ್ಲ. ಮೇಜಿಗೆ ಬಿಗಿದಿರುವುದರಿಂದ ಬಲವೆಲ್ಲ ಹಿಡಿಕೆಗೇ ಹೋಗುತ್ತದೆ, ಗ್ರೈಂಡರನ್ನು ಹಿಡಿದುಕೊಳ್ಳಲು ಎಡಗೈ ದಣಿಯಬೇಕಿಲ್ಲ.

ಇದು ಕೆಡುವುದು ಎರಡು ಕಡೆ. ಶಾಫ್ಟ್ ಕೂರುವ ಬುಷ್ ವರ್ಷಗಟ್ಟಲೆ ಸವೆದು ಶಾಫ್ಟ್ ಕೆಳಗೆ ಜಗ್ಗುತ್ತದೆ. ಆಗ ಬಿಲ್ಲೆಗಳು ಕೆಳಭಾಗದಲ್ಲಿ ಒಂದಕ್ಕೊಂದು ಉಜ್ಜುತ್ತವೆ, ಮೇಲ್ಭಾಗದಲ್ಲಿ ಬಾಯಿ ಬಿಡುತ್ತವೆ. ತಿರುಪು ಎಷ್ಟು ಬಿಗಿದರೂ ನುಚ್ಚು ಬರುತ್ತಿದ್ದರೆ ಬಿಲ್ಲೆ ಸವೆದಿದೆ ಎಂದು ಜನ ತಿಳಿಯುತ್ತಾರೆ, ನಿಜವಾದ ತೊಂದರೆ ಬಹುತೇಕ ಬುಷ್‌ನದು. ಹಿಡಿಕೆಯನ್ನು ಮೇಲೆ ಕೆಳಗೆ ಆಡಿಸಿ ನೋಡಿ. ಲಟಲಟ ಎಂದರೆ ಬುಷ್ ಹೋಗಿದೆ. ಅಡಿಕೆ ಸುಲಿಯುವ ಯಂತ್ರ ರಿಪೇರಿ ಮಾಡುವ ಲೇತ್‌ನವರಿಗೆ ಮಿಷನ್ ಸಮೇತ ಕೊಟ್ಟರೆ ಗನ್‌ಮೆಟಲ್ ಬುಷ್ ತಿರುಗಿಸಿ ಕೂರಿಸಿಕೊಡುತ್ತಾರೆ. ಎರಡನೆಯದು ತುಕ್ಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ವಾರ ಬಳಸದೆ ಬಿಟ್ಟರೂ ಬಿಲ್ಲೆಯ ಮೇಲೆ ಕೆಂಪು ಪೊರೆ ಕಟ್ಟುತ್ತದೆ. ಗಟ್ಟಿ ಬ್ರಷ್‌ನಿಂದ ಒಣದಾಗಿ ಉಜ್ಜಿ, ಒಂದು ಹಿಡಿ ಅಕ್ಕಿ ಅರೆದು, ನಂತರ ಹತ್ತು ಗ್ರಾಂ ಹಳೆಯ ಕಾಫಿ ಬೀಜ ಅರೆದು ಎರಡನ್ನೂ ಎಸೆಯಿರಿ. ಅಕ್ಕಿ ಹಿಟ್ಟನ್ನು ಒಳಗೇ ಬಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಅದಕ್ಕೇ ಕಾಫಿಯ ಎರಡನೇ ಸುತ್ತು. ತಿರುಪಿನ ಮೇಲೆ ಯಾವ ಗುರುತೂ ಇರುವುದಿಲ್ಲವಾದ್ದರಿಂದ ಬಿಲ್ಲೆಗಳು ಕರಕರ ಎನ್ನುವವರೆಗೆ ಬಿಗಿದು, ಕಾಲು ಸುತ್ತು ಸಡಿಲಿಸಿ, ಅಲ್ಲಿ ತಿರುಪಿಗೂ ಮೈಗೂ ಸೇರಿಸಿ ಉಗುರುಬಣ್ಣದ ಗೆರೆ ಎಳೆದುಬಿಡಿ. ಪುಡಿಯಲ್ಲಿ ನುಚ್ಚು ಸ್ವಲ್ಪ ಇದ್ದೇ ಇರುತ್ತದೆ. ಹಾಲು ಹಾಕಿ ಕುಡಿಯುವ ಡಿಕಾಕ್ಷನ್‌ಗೆ ಅದು ದೊಡ್ಡ ಕೊರತೆಯಲ್ಲ.

ಸೆರಾಮಿಕ್ ಕೊಳವೆ ಗ್ರೈಂಡರ್ 1 ಸಾವಿರದಿಂದ 2 ಸಾವಿರ ರೂಪಾಯಿಗೆ ಸಿಗುತ್ತದೆ. ಶಾಫ್ಟನ್ನು ಹಿಡಿದಿರುವುದು ಬೇರಿಂಗ್ ಅಲ್ಲ, ಪ್ಲಾಸ್ಟಿಕ್ ಬುಷ್. ಕೆಳಗಿನ ಡಬ್ಬಿ ಬಿಚ್ಚಿ, ಬೆಳಕಿಗೆ ಹಿಡಿದು, ಒಳಗಿನ ಬರ್ ಅನ್ನು ಬೆರಳಿನಿಂದ ಪಕ್ಕಕ್ಕೆ ಒತ್ತಿ: ಸುತ್ತಲೂ ಕಾಣುವ ಸಂದಿನ ಉಂಗುರ ಒಂದು ಬದಿ ಮುಚ್ಚಿ ಇನ್ನೊಂದು ಬದಿ ಅಗಲವಾಗುತ್ತದೆ. ಈ ಪರೀಕ್ಷೆಯನ್ನು ಯಾವ ಗ್ರೈಂಡರ್‌ಗಾದರೂ ಅಂಗಡಿಯಲ್ಲೇ ಮಾಡಬಹುದು. ಆದರೂ ವಿದೇಶಿ ವಿಮರ್ಶೆಗಳಲ್ಲಿ ಬೈದಷ್ಟು ಕೆಟ್ಟದ್ದಲ್ಲ ಇದು, ಅದಕ್ಕೆ ಕಾರಣವೂ ಇದೆ. ಅಲ್ಲಿಯವರು ಫ್ರೆಂಚ್ ಪ್ರೆಸ್‌ಗೆ ದಪ್ಪಗೆ ಅರೆಯುತ್ತಾರೆ, ಸಡಿಲ ಬಿಟ್ಟಷ್ಟೂ ಬರ್ ಓಲಾಡುತ್ತದೆ. ನಮ್ಮ ಫಿಲ್ಟರ್‌ನ ನಯಕ್ಕೆ ಬಿಗಿದಾಗ ಎಲ್ಲ ಕಡೆಯಿಂದ ಬೀಜ ಒತ್ತಿ ಬರ್ ಅನ್ನು ನಡುವಿಗೇ ತಂದು ನಿಲ್ಲಿಸುತ್ತದೆ. ಪುಡಿ ಪರವಾಗಿಲ್ಲ, ಕೈ ಮಾತ್ರ ಸೋಲುತ್ತದೆ. 20 ಗ್ರಾಂ ಅರೆಯಲು ಮೂರು ನಿಮಿಷಕ್ಕೂ ಮೇಲೆ ಬೇಕು. ಹಿಡಿಕೆ ಕೂರುವ ಮೂಲೆಗಳು ಕ್ರಮೇಣ ಸವೆದು ದುಂಡಗಾಗಿ ಜಾರತೊಡಗುತ್ತವೆ, ಅಲ್ಲಿಗೆ ಅದರ ಆಯಸ್ಸು ಮುಗಿದಂತೆ. ತುಕ್ಕು ಹಿಡಿಯದಿರುವುದು, ನೀರಲ್ಲಿ ತೊಳೆಯಬಹುದಾದ್ದು ಇದರ ನಿಜವಾದ ಲಾಭ. ಒಬ್ಬರೇ ಇರುವ ಬಾಡಿಗೆ ಕೋಣೆಗೆ ಸಾಕು.

ಕಲ್ಲಿನ ಮಾತು ಇಲ್ಲೇ ಹೇಳಬೇಕು. ತೋಟದವರಿಂದ ನೇರ ತಂದು ಬಾಣಲೆಯಲ್ಲಿ ಹುರಿಯುವ ಮನೆಗಳಲ್ಲಿ, ಕಣದಲ್ಲಿ ಒಣಗಿದ ಬೀಜದ ಜೊತೆ ಸಣ್ಣ ಕಲ್ಲು ಬರುವುದು ಮಾಮೂಲು. ಸೆರಾಮಿಕ್ ಬರ್ ಆದರೆ ಚೂರು ಹಾರಿ ಪುಡಿಗೆ ಬೀಳುತ್ತದೆ, ಸ್ಟೀಲ್ ಆದರೆ ಹಲ್ಲಿನ ಅಂಚು ಮುಕ್ಕಾಗುತ್ತದೆ. ಹುರಿಯುವ ಮೊದಲು ಒಮ್ಮೆ, ಹುರಿದ ಮೇಲೆ ಇನ್ನೊಮ್ಮೆ ಮೊರದಲ್ಲಿ ಹರವಿ ಆರಿಸಿ. ಹಿಡಿಕೆ ಥಟ್ಟನೆ ನಿಂತರೆ ಬಲ ಹಾಕಬೇಡಿ. ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿ, ಬೀಜ ಸುರಿದು ನೋಡಿ.

ಟೈಮ್‌ಮೋರ್ ಸಿ2 ಬೆಲೆ 5-6 ಸಾವಿರದ ಆಸುಪಾಸು. 38 ಮಿ.ಮೀ. ಸ್ಟೀಲ್ ಬರ್, ಶಾಫ್ಟಿಗೆ ಎರಡು ಬೇರಿಂಗ್. ಬೆರಳಿನಿಂದ ಒತ್ತಿದರೆ ಸಂದಿನ ಉಂಗುರ ಕದಲುವುದಿಲ್ಲ. 20 ಗ್ರಾಂ ಒಂದು ನಿಮಿಷದ ಚೂರು ಮೇಲೆ ಮುಗಿಯುತ್ತದೆ, ಪುಡಿಯನ್ನು ಬಿಳಿ ಕಾಗದದ ಮೇಲೆ ಹೆಬ್ಬೆರಳಿನಿಂದ ಎಳೆದರೆ ಕಣ್ಣಿಗೆ ಬೀಳುವ ನುಚ್ಚು ತೀರ ಕಡಿಮೆ. ನಯ ಹೊಂದಿಸುವ ಗುಂಡಿ ಬರ್‌ನ ಕೆಳಗಿದೆ, ಡಬ್ಬಿ ಬಿಚ್ಚಿಯೇ ತಿರುಗಿಸಬೇಕು, ಅಂಕಿಯಿಲ್ಲ. ಬೀಜ ಹಾಕದೆ ಗುಂಡಿಯನ್ನು ಬಿಗಿಯುತ್ತ ಹೋಗಿ, ಹಿಡಿಕೆ ತಿರುಗದೆ ನಿಂತ ಜಾಗವೇ ಸೊನ್ನೆ. ಅಲ್ಲಿಂದ ಸಡಿಲಿಸುತ್ತ ಕ್ಲಿಕ್ ಎಣಿಸಬೇಕು. ಹಿತ್ತಾಳೆ ಫಿಲ್ಟರಿಗೆ 12ರಿಂದ 15ರ ನಡುವೆ ಹದ ಸಿಗುತ್ತದೆ. ತೂತು ದೊಡ್ಡದಿರುವ ಹಳೆಯ ಫಿಲ್ಟರಿಗೆ 12, ಹೊಸ ಸ್ಟೀಲ್ ಫಿಲ್ಟರಿಗೆ 14ರಿಂದ ಶುರು ಮಾಡಿ. ಇದರ ಮಿತಿ ಅಳತೆಯದು: ಒಂದು ಸಲಕ್ಕೆ 20-25 ಗ್ರಾಂ ಅಷ್ಟೆ. ಗಂಡ ಹೆಂಡತಿ ಇಬ್ಬರ ಮನೆಗೆ ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ನೆಂಟರು ಬಂದ ದಿನ ಮಾತ್ರ ಮೂರು ಸಲ ತುಂಬಿ ಅರೆಯಬೇಕಾಗುತ್ತದೆ.

ಕೆ6 ಅದರ ಹತ್ತಿರ ಹತ್ತಿರ ಎರಡರಷ್ಟು ಬೆಲೆ. 48 ಮಿ.ಮೀ. ಬರ್, ನಯ ಹೊಂದಿಸುವ ಬಳೆ ಹೊರಗೇ ಇದೆ, ಸುತ್ತಿಗೆ 60 ಕ್ಲಿಕ್, ಒಂದೊಂದಕ್ಕೆ 16 ಮೈಕ್ರಾನ್. 20 ಗ್ರಾಂ ಮುಕ್ಕಾಲು ನಿಮಿಷದೊಳಗೆ ಮುಗಿಯುತ್ತದೆ, ಕಡಿಮೆ ಹುರಿದ ಗಟ್ಟಿ ರೋಬಸ್ಟಾಕ್ಕೂ ಹಿಡಿಕೆ ಒದ್ದಾಡುವುದಿಲ್ಲ. ಫಿಲ್ಟರಿಗೆ 60ರಿಂದ 70 ಕ್ಲಿಕ್. ಬೆಳಿಗ್ಗೆ ಡಿಕಾಕ್ಷನ್, ಸಂಜೆ ಪೋರ್ ಓವರ್ (ಪುಡಿಯ ಮೇಲೆ ಬಿಸಿನೀರು ಸುರಿದು ಸೋಸುವ ಕಪ್ಪು ಕಾಫಿ) ಎಂದು ದಿನಕ್ಕೆರಡು ಸಲ ನಯ ಬದಲಿಸುವವರಿಗೆ ಹೊರಗಿನ ಬಳೆ ನಿಜಕ್ಕೂ ಉಪಕಾರಿ. ಒಂದೇ ನಯಕ್ಕೆ ಇಟ್ಟು ವರ್ಷವಿಡೀ ಡಿಕಾಕ್ಷನ್ ಮಾತ್ರ ಹಾಕುವವರಿಗೆ ಆ ಹಣ ಸಮಯ ಉಳಿಸುತ್ತದೆಯೇ ಹೊರತು ರುಚಿ ಹೆಚ್ಚಿಸುವುದಿಲ್ಲ. ಹಾಲು, ಸಕ್ಕರೆ ಸೇರಿದ ಮೇಲೆ ಸಿ2 ಮತ್ತು ಕೆ6ರ ಕಾಫಿಯನ್ನು ಬೇರೆ ಮಾಡಿ ಹೇಳುವುದು ಕಷ್ಟ. 20 ಸಾವಿರ ದಾಟುವ ಕಮಾಂಡಾಂಟೆ ಸಿ40 ಬಗ್ಗೆಯೂ ಇದೇ ಮಾತು, ಕಪ್ಪು ಕಾಫಿ ಕುಡಿಯುವವರ ಲೆಕ್ಕವೇ ಬೇರೆ.

ಮಿಕ್ಸಿ ಈ ಸಾಲಿಗೆ ಬರುವುದಿಲ್ಲ. ಬ್ಲೇಡ್ ಬೀಜವನ್ನು ಅರೆಯುವುದಿಲ್ಲ, ಒಡೆಯುತ್ತದೆ. ಹಿಟ್ಟು, ನುಚ್ಚು ಎರಡೂ ಒಟ್ಟಿಗೆ. ಕರೆಂಟ್ ಹೋದ ಮಳೆಗಾಲದ ಬೆಳಿಗ್ಗೆ ಅದೂ ಇಲ್ಲ.

ಮಳೆಗಾಲದಲ್ಲಿ ಗ್ರೈಂಡರ್ ಇದ್ದಕ್ಕಿದ್ದಂತೆ ಬಿಗಿಯಾಯಿತು ಎನಿಸಿದರೆ ಬರ್ ಮೇಲೆ ಅನುಮಾನ ಪಡುವ ಮೊದಲು ಒಂದು ಬೀಜ ಕಚ್ಚಿ ನೋಡಿ. ಕಟ್ ಎಂದು ಮುರಿಯದೆ ಚರ್ಮದ ಹಾಗೆ ಬಾಗಿದರೆ ತೇವ ಎಳೆದಿದೆ ಎಂದರ್ಥ. ಅಂಥ ಬೀಜ ನಿಧಾನವಾಗಿ ಅರೆಯುತ್ತದೆ, ಪುಡಿ ಬರ್‌ಗೆ ಮೆತ್ತಿಕೊಳ್ಳುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಗೆ ಎರಡು ನಿಮಿಷ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಅರೆಯಿರಿ. ಪರಿಮಳ ಒಂದಿಷ್ಟು ಹೋಗುತ್ತದೆ, ಬೇರೆ ದಾರಿಯಿಲ್ಲ. ಗಾಳಿಯಾಡದ ಡಬ್ಬಿಯಿಂದ ಆಯಾ ದಿನದ್ದನ್ನಷ್ಟೇ ತೂಗಿ ತೆಗೆದರೆ ಈ ಪಾಡು ಬರುವುದಿಲ್ಲ. ಫೆಬ್ರವರಿ ಮಾರ್ಚ್‌ನ ಒಣ ಹವೆಯಲ್ಲಿ ತೊಂದರೆ ತಿರುಗಾಮುರುಗಾ: ಪುಡಿ ಡಬ್ಬಿಯ ಗೋಡೆಗೆ ಹಾರಿ ಅಂಟುತ್ತದೆ. ಚಮಚದ ಹಿಡಿಯನ್ನು ನೀರಲ್ಲಿ ಅದ್ದಿ, ಒದರಿ, ಅದರಿಂದ ಬೀಜವನ್ನು ಒಮ್ಮೆ ಕಲಕಿದರೆ ಸಾಕು. ಸ್ಟೀಲ್ ಬರ್‌ಗೆ ತುಕ್ಕು ಹಿಡಿಯುವುದಿಲ್ಲ ಎಂದು ನಂಬಿ ನೀರಲ್ಲಿ ತೊಳೆಯಬೇಡಿ, ಹರಿತವಾಗಿರಲೆಂದು ಗಟ್ಟಿ ಮಾಡಿದ ಸ್ಟೀಲಿಗೂ ಹಿಡಿಯುತ್ತದೆ. ಒಣ ಬ್ರಷ್ ಸಾಕು. ಅಕ್ಕಿಯೂ ಬೇಡ, ಅದು ಎರಕದ ಮಿಷನ್‌ಗೆ ಮಾತ್ರ.

ಚಿಕೋರಿ ಬೇಕೆನ್ನುವವರು ಅದನ್ನು ಪುಡಿಯಾಗಿಯೇ ತಂದು ಕೊನೆಯಲ್ಲಿ ಬೆರೆಸಿ, 24 ಗ್ರಾಂ ಕಾಫಿಗೆ 6 ಗ್ರಾಂ. ತುಂಡನ್ನು ಗ್ರೈಂಡರ್‌ಗೆ ಹಾಕಿದರೆ ಅದರ ಸುಟ್ಟ ಸಕ್ಕರೆ ತೇವಕ್ಕೆ ಅಂಟಾಗಿ ಹಲ್ಲುಗಳ ಸಂದನ್ನು ತುಂಬುತ್ತದೆ, ಬಿಚ್ಚಿ ಕೆರೆಯದೆ ಹೋಗುವುದಿಲ್ಲ. ಬೆರೆಸುವ ದಿನ ಸಿ2 ಆದರೆ ಎರಡು ಕ್ಲಿಕ್, ಕೆ6 ಆದರೆ ಎಂಟು ಹತ್ತು ಕ್ಲಿಕ್ ಸಡಿಲಿಸಿ. ಇಲ್ಲದಿದ್ದರೆ ರಾತ್ರಿ ಹಾಕಿಟ್ಟ ಫಿಲ್ಟರಿನ ಮೇಲೆ ಬೆಳಿಗ್ಗೆಯೂ ನೀರು ನಿಂತಿರುತ್ತದೆ.