ಕರ್ವಾಲೊ, ಚಿದಂಬರ ರಹಸ್ಯ ಮತ್ತು ಕಾಣೆಯಾದ 16 ಪುಟಗಳು

ಕಳೆದ ಮಳೆಗಾಲದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿಗಳಾದ ‘ಕರ್ವಾಲೊ’ (1980) ಮತ್ತು ‘ಚಿದಂಬರ ರಹಸ್ಯ’ (1985) ಎರಡನ್ನೂ ಒಟ್ಟಿಗೆ ಅಂಚೆಯಲ್ಲಿ ತರಿಸಿಕೊಂಡು ಒಂದರ ಬೆನ್ನಿಗೆ ಇನ್ನೊಂದನ್ನು ಓದಿದೆ. ನನ್ನ ಒಲವು ಎರಡನೆಯದರ ಕಡೆಗೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಸತಾಯಿಸಿದ್ದೂ ಅದರ ಪ್ರತಿಯೇ.

‘ಕರ್ವಾಲೊ’ ಓದುವಾಗ ಬರುವ ನಗುವಿನಲ್ಲಿ ಯಾರ ಮೇಲೂ ಸಿಟ್ಟಿಲ್ಲ. ಅದರಲ್ಲಿ ಬರುವ ಹಳ್ಳಿಗ ಮಂದಣ್ಣನಂಥವರು ಕಾಸರಗೋಡಿನ ಬದಿಯಡ್ಕದ ಆಚೀಚೆ ನಮ್ಮ ತೋಟಗಳಲ್ಲಿಯೂ ಇದ್ದಾರೆ. ಹಾರುವ ಓತಿಯ ಬೆನ್ನು ಹತ್ತಿದ ಆ ಮೇಳದೊಂದಿಗೆ ಎರಡು ರಾತ್ರಿಗಳಲ್ಲಿ ಪುಸ್ತಕ ಮುಗಿಯಿತು.

‘ಚಿದಂಬರ ರಹಸ್ಯ’ದಲ್ಲಿ ನಗುತ್ತಿರುವಾಗಲೇ ಹೊಟ್ಟೆಯೊಳಗೆ ಏನೋ ತಣ್ಣಗಾಗುತ್ತದೆ. ಏಲಕ್ಕಿಯ ಇಳುವರಿ ಕುಸಿದಿದೆ, ಸಂಶೋಧನಾ ಕೇಂದ್ರದ ಜೋಗಿಹಾಳರು ಸತ್ತಿದ್ದಾರೆ, ತನಿಖೆಗೆ ಗುಪ್ತಚರ ಅಧಿಕಾರಿ ಬಂದಿದ್ದಾರೆ. ಆದರೆ ಕಥೆ ನಡೆಯುವ ಕೆಸರೂರಿನ ಒಬ್ಬೊಬ್ಬರೂ ತಮ್ಮ ತಮ್ಮ ಜಾತಿ, ಪ್ರೇಮ, ಕ್ರಾಂತಿ, ಲಾಭಗಳಲ್ಲಿ ಮುಳುಗಿರುವಾಗ ಊರಿನ ಸುತ್ತ ಲಂಟಾನದ ಕಳೆಪೊದೆ ಸದ್ದಿಲ್ಲದೆ ಹಬ್ಬುತ್ತಿರುತ್ತದೆ. ಕೊಳೆರೋಗಕ್ಕೆ ಹೆದರಿ ವರ್ಷ ವರ್ಷವೂ ಮೈಲುತುತ್ತು ಮತ್ತು ಸುಣ್ಣ ಕಲಸುವ ನನ್ನಂಥ ಅಡಿಕೆಯವನಿಗೆ, ಬೆಳೆಯ ನಾಶವೇ ಕಥೆಯ ಬೀಜವಾಗಿರುವ ಕಾದಂಬರಿ ಹತ್ತಿರವಾದುದರಲ್ಲಿ ಆಶ್ಚರ್ಯವಿಲ್ಲ. ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿದೆ.

ಇನ್ನು ಕಾಟದ ವಿಷಯ. ನನಗೆ ಬಂದ ಪ್ರತಿಯ ನಡುವಿನಲ್ಲಿ 16 ಪುಟಗಳ ಒಂದು ಫಾರಂ (ಒಟ್ಟಿಗೆ ಅಚ್ಚಾಗಿ ಮಡಿಸಿದ ಪುಟಗಳ ಕಟ್ಟು) ಎರಡು ಸಲ ಸೇರಿಕೊಂಡು, ಅದರ ಮುಂದಿನ ಫಾರಂ ಇಲ್ಲವೇ ಇರಲಿಲ್ಲ. ನಾಚಿಕೆಯ ಸಂಗತಿಯೆಂದರೆ, ಇದು ನನಗೆ ತಕ್ಷಣ ಹೊಳೆಯಲಿಲ್ಲ. ಯಾವ ವಿಚಾರಣೆಯೂ ಮುಂದೆ ಹೋಗದ ಊರಿನ ಕಥೆಯಲ್ಲವೇ, ಅದೇ ಮಾತುಕತೆ ಮತ್ತೆ ಬಂದಾಗ ಇದು ಲೇಖಕರ ಕುಚೋದ್ಯವೇ ಇರಬೇಕೆಂದುಕೊಂಡು ಆರೇಳು ಪುಟಗಳನ್ನು ಮೆಚ್ಚಿಕೊಂಡೇ ಓದಿದೆ. ಚಹಾ ತಂದಿಟ್ಟ ಮಡದಿ ಪುಟಸಂಖ್ಯೆ ನೋಡಿ ನಕ್ಕಾಗಲೇ ನನಗೆ ಎಚ್ಚರವಾದದ್ದು.

ಮಾರಿದವರಿಗೆ ಫೋನು ಮಾಡಿದರೆ, ಪುಸ್ತಕವನ್ನು ನಮ್ಮ ಖರ್ಚಿನಲ್ಲಿ ಕೊರಿಯರ್ ಮೂಲಕ ಹಿಂದೆ ಕಳುಹಿಸಬೇಕು, ಅವರು ಪರಿಶೀಲಿಸಿದ ಮೇಲೆ ಬೇರೆ ಪ್ರತಿಯ ವಿಚಾರ ಎಂದರು. ಕೇರಳದಿಂದ ಕರ್ನಾಟಕಕ್ಕೆ ಹೋಗಿ ಬರುವಷ್ಟರಲ್ಲಿ ಕೆಸರೂರಿನ ತನಿಖೆಯೇ ಮುಗಿದೀತು ಎನಿಸಿ ಅದನ್ನು ಕೈಬಿಟ್ಟೆ. ಊರಿನ ಗ್ರಂಥಾಲಯದ ಕನ್ನಡ ಕಪಾಟಿನಲ್ಲಿ ‘ಕರ್ವಾಲೊ’ ಮಾತ್ರ ಇತ್ತು. ಕೊನೆಗೆ ಒಂದು ಭಾನುವಾರ ರೈಲು ಹತ್ತಿ ಮಂಗಳೂರಿನ ಭಾವನ ಮನೆಗೆ ಹೋಗಿ, ಅವರ ಹಳೆಯ ಪ್ರತಿಯಲ್ಲಿ ಬೇಕಾದ ಭಾಗವನ್ನು ಪುಟಸಂಖ್ಯೆಯಿಂದಲ್ಲದೆ ಸಾಲುಗಳನ್ನು ಹೊಂದಿಸಿ ಹುಡುಕಿ, ಜೆರಾಕ್ಸ್ ಮಾಡಿಸಿ ಪಿನ್ನು ಹೊಡೆದು ಸೇರಿಸಿದೆ. ಮುದ್ರಣ ಬೇರೆಯಾಗಿದ್ದುದರಿಂದ ಆರಂಭದ ಅರ್ಧ ಪುಟ ಈಗಲೂ ಎರಡು ಸಲ ಬರುತ್ತದೆ.

ಕಾಗದ, ಅಕ್ಷರಗಳ ಬಗ್ಗೆ ಎರಡರಲ್ಲಿಯೂ ದೂರಿಲ್ಲ. ಪಾತ್ರಗಳ ಸಂಖ್ಯೆ ‘ಚಿದಂಬರ ರಹಸ್ಯ’ದಲ್ಲಿ ಹೆಚ್ಚು, ಬಸ್ಸಿನಲ್ಲಿ ತುಂಡು ತುಂಡಾಗಿ ಓದುವವರಿಗೆ ಅದು ಒಗ್ಗದು.

ಒಂದಕ್ಕೆ ಮಾತ್ರ ಹಣವಿದೆಯೆಂದಾದರೆ, ಹೈಸ್ಕೂಲಿನ ಮಕ್ಕಳಿರುವ ಮನೆಗೆ ‘ಕರ್ವಾಲೊ’ ಸಾಕು. ನಾನಂತೂ ರಾತ್ರಿ ಊಟವಾದ ಮೇಲೆ ಒಂದೇ ಕುಳಿತಕ್ಕೆ ನೂರು ಪುಟ ಓದುವವನು. ಪಿನ್ನು ಹೊಡೆದ ಆ ಪ್ರತಿಯನ್ನೇ ಈ ಮಳೆಗಾಲದಲ್ಲಿ ಮತ್ತೆ ಕೈಗೆತ್ತಿಕೊಂಡಿದ್ದೇನೆ. ‘ಕರ್ವಾಲೊ’ವನ್ನು ಪಕ್ಕದ ಮನೆಯ ಹುಡುಗ ಒಯ್ದಿದ್ದಾನೆ, ಇನ್ನೂ ಹಿಂದಿರುಗಿಸಿಲ್ಲ.