ಮನೆಯಂಗಳದಲ್ಲೇ ಟೈರಿಗೆ ಗಾಳಿ: ಕಾರಿನ ಡಿಜಿಟಲ್ ಇನ್‌ಫ್ಲೇಟರ್ ಬಳಸಿ ನೋಡಿದ ಮೇಲೆ

ಕಾರಿನ 12 ವೋಲ್ಟ್ ಸಾಕೆಟ್‌ಗೆ ಸಿಕ್ಕಿಸಿ ಓಡಿಸುವ ಚಿಕ್ಕ ಡಿಜಿಟಲ್ ಇನ್‌ಫ್ಲೇಟರನ್ನು ಕೊಳ್ಳುವವರಲ್ಲಿ ಅನೇಕರು, ದಾರಿಯಲ್ಲಿ ಪಂಕ್ಚರ್ ಆದರೆ ಇರಲಿ ಎಂದು ಅದನ್ನು ಡಿಕ್ಕಿಯಲ್ಲಿಟ್ಟು ಮರೆತುಬಿಡುತ್ತಾರೆ. ಅಂಥದೊಂದನ್ನು ನಿಯಮಿತವಾಗಿ ಬಳಸುತ್ತಿರುವ ನನಗೆ ಅದರ ನಿಜವಾದ ಪ್ರಯೋಜನ ಬೇರೆಡೆ ಕಂಡಿದೆ. ಬೆಳಿಗ್ಗೆ ಕಾರು ಹೊರಡುವ ಮೊದಲೇ, ಟೈರುಗಳು ಪೂರ್ತಿ ತಣ್ಣಗಿರುವಾಗಲೇ ಗಾಳಿಯನ್ನು ಅಳೆದು ಸರಿಪಡಿಸಿಕೊಳ್ಳುವ ಅವಕಾಶವನ್ನು ಅದು ಕೊಡುತ್ತದೆ.

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಕಾಣುವ ಸ್ಟಿಕ್ಕರಿನಲ್ಲಿ ಕಂಪನಿ ಸೂಚಿಸಿರುವ ಒತ್ತಡವು ತಣ್ಣನೆಯ ಟೈರಿಗೆ, ಅಂದರೆ ಕನಿಷ್ಠ 3 ಗಂಟೆ ನಿಂತಿರುವ ಕಾರಿಗೆ ಅನ್ವಯಿಸುವ ಲೆಕ್ಕ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆ ಅದು ತಡೆಯಬಲ್ಲ ಗರಿಷ್ಠ ಒತ್ತಡವೇ ಹೊರತು ತುಂಬಿಸಬೇಕಾದ ಒತ್ತಡವಲ್ಲ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಉಚಿತವಾಗಿ ಸಿಗುತ್ತದೆ, ನಿಜ. ಆದರೆ ಟ್ರಾಫಿಕ್ಕಿನಲ್ಲಿ ಕೆಲವು ಕಿಲೋಮೀಟರ್ ಓಡಿ ಅಲ್ಲಿಗೆ ಸೇರುವ ಹೊತ್ತಿಗೆ ಟೈರು ಬಿಸಿಯಾಗಿ ಒತ್ತಡ 3ರಿಂದ 4 ಪಿಎಸ್‌ಐ (ಟೈರಿನ ಗಾಳಿಯ ಒತ್ತಡ ಅಳೆಯುವ ಮಾನ) ಏರಿರಬಹುದು. ಆ ಸ್ಥಿತಿಯಲ್ಲಿ 33ಕ್ಕೆ ನಿಲ್ಲಿಸಿದ ಟೈರು ಮರುದಿನ ಬೆಳಿಗ್ಗೆ 30ರ ಆಸುಪಾಸಿಗೆ ಇಳಿದಿರುತ್ತದೆ. ಗಾಳಿ ಕಡಿಮೆಯಾದ ಟೈರಿನ ಎರಡೂ ಅಂಚುಗಳು ಬೇಗ ಸವೆಯುತ್ತವೆ, ಮೈಲೇಜ್ ಇಳಿಯುತ್ತದೆ, ಹೆದ್ದಾರಿಯ ವೇಗದಲ್ಲಿ ಟೈರು ಅತಿಯಾಗಿ ಕಾಯುತ್ತದೆ. ಜಾಸ್ತಿಯಾದರೆ ನಡುಭಾಗ ಸವೆಯುತ್ತದೆ, ಹಿಡಿತವೂ ಕುಗ್ಗುತ್ತದೆ.

ಯಂತ್ರದ ಬಳಕೆ ಸರಳವಾಗಿದೆ. ಬೇಕಾದ ಒತ್ತಡವನ್ನು ಗುಂಡಿಯೊತ್ತಿ ನಿಗದಿಪಡಿಸಿ, ವಾಲ್ವ್‌ನ ಮುಚ್ಚಳ ತೆಗೆದು, ಪೈಪಿನ ತುದಿಯನ್ನು ತಿರುಗಿಸಿ ಬಿಗಿದ ಕೂಡಲೇ ಪರದೆಯ ಮೇಲೆ ಈಗಿರುವ ಒತ್ತಡ ಮೂಡುತ್ತದೆ; ಚಾಲೂ ಮಾಡಿದರೆ ನಿಗದಿಪಡಿಸಿದ ಅಂಕಿ ಬಂದಾಗ ತಾನೇ ನಿಲ್ಲುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಗಾಳಿ ನುಗ್ಗುತ್ತಿರುವಾಗ ಪೈಪಿನೊಳಗಿನ ಒತ್ತಡ ಟೈರಿನೊಳಗಿನದಕ್ಕಿಂತ ತುಸು ಹೆಚ್ಚಿರುವುದರಿಂದ, 33 ತೋರಿಸಿ ನಿಂತ ಪರದೆ ಕೆಲವೇ ಕ್ಷಣಗಳಲ್ಲಿ 32.5ಕ್ಕೆ ಇಳಿಯುವುದುಂಟು. ಆ ನಿಂತ ಅಂಕಿಯೇ ನಿಜವಾದದ್ದು. ಅಂತರ್ಗತ ಮಾಪಕವನ್ನಷ್ಟೇ ನಂಬದೆ ಒಂದು ಪ್ರತ್ಯೇಕ ಪ್ರೆಶರ್ ಗೇಜ್ ಇಟ್ಟುಕೊಳ್ಳುವುದು ಒಳ್ಳೆಯದು. ನನ್ನಲ್ಲಿರುವ ಎರಡರ ನಡುವೆ ಸುಮಾರು 1 ಪಿಎಸ್‌ಐ ವ್ಯತ್ಯಾಸವಿದೆ. ಪರದೆ ಬಾರ್‌ನಲ್ಲಿದೆಯೋ ಪಿಎಸ್‌ಐಯಲ್ಲಿದೆಯೋ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. 2.3 ಬಾರ್ ಎಂದರೆ ಸುಮಾರು 33 ಪಿಎಸ್‌ಐ.

ಕೊರತೆಗಳೂ ಇವೆ. ಸದ್ದು ವಿಪರೀತ, ಅಪಾರ್ಟ್‌ಮೆಂಟಿನಲ್ಲಿ ನಸುಕಿನಲ್ಲೇ ಹಚ್ಚಿದರೆ ನೆರೆಯವರಿಗೆ ಎಚ್ಚರವಾಗುವುದು ಖಂಡಿತ. ತಿರುಪಿನ ತುದಿಯನ್ನು ಬಿಚ್ಚುವಾಗ ಗಾಳಿ ಸುಯ್ಯೆಂದು ಸೋರುವುದರಿಂದ ಕೈ ಚುರುಕಾಗಿರಬೇಕು, ಮತ್ತು ಸ್ವಲ್ಪ ಹೊತ್ತು ಓಡಿದ ಮೇಲೆ ಆ ಲೋಹದ ತುದಿ ಬೆರಳು ಸುಡುವಷ್ಟು ಕಾದಿರುತ್ತದೆ. 3-4 ಪಿಎಸ್‌ಐ ಏರಿಸುವುದು ಬೇಗ ಮುಗಿಯುತ್ತದೆಯಾದರೂ ಪೂರ್ತಿ ಕುಸಿದ ಟೈರನ್ನು ತುಂಬಿಸಲು ಹಲವು ನಿಮಿಷ ಬೇಕಾಗುವುದರಿಂದ ನಡುವೆ ಯಂತ್ರಕ್ಕೆ ವಿಶ್ರಾಂತಿ ಕೊಡಬೇಕು. ಬ್ಯಾಟರಿ ಇಳಿಯದಿರಲೆಂದು ಎಂಜಿನ್ ಚಾಲೂ ಇಡುವವರು ಮುಚ್ಚಿದ ಗ್ಯಾರೇಜಿನಲ್ಲಿ ಹಾಗೆ ಮಾಡಲೇಬಾರದು, ಏಕೆಂದರೆ ಅಲ್ಲಿ ತುಂಬಿಕೊಳ್ಳುವ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಅಪಾಯ.

ದೂರದ ಪ್ರಯಾಣದಲ್ಲಿ ಇದರ ಉಪಯೋಗ ಇನ್ನೂ ಹೆಚ್ಚು. ಐದು ಜನ ಕುಳಿತು, ಡಿಕ್ಕಿ ತುಂಬ ಲಗೇಜು ಹೇರಿ ಶಿರಾಡಿ ಘಾಟಿ ಇಳಿಯುವುದಾದರೆ ಸ್ಟಿಕ್ಕರಿನಲ್ಲಿರುವ ಪೂರ್ಣ ಭಾರದ ಸಾಲನ್ನು ನೋಡಬೇಕು. ಅನೇಕ ಕಾರುಗಳಲ್ಲಿ ಹಿಂದಿನ ಟೈರುಗಳಿಗೆ ಆಗ ಹೆಚ್ಚಿನ ಒತ್ತಡ ಬೇಕು. ಹೊರಗಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಒಂದೂವರೆಯಿಂದ 2 ಪಿಎಸ್‌ಐ ಏರುತ್ತದೆ. ಬೆಂಗಳೂರಿನ ತಂಪಿನಲ್ಲಿ ತುಂಬಿಸಿಕೊಂಡು ಮೇ ತಿಂಗಳ ಕಲಬುರಗಿಗೆ ಹೊರಟವರು ನಡುದಾರಿಯ ಚಹಾದಂಗಡಿಯ ಮುಂದೆ ಅಳೆದು, ಏರಿದ ಅಂಕಿಗೆ ಗಾಬರಿಯಾಗಿ ಗಾಳಿ ಬಿಡಬಾರದು. ಅದು ಓಟದ ಬಿಸಿ. ತಲುಪಿದ ಮರುದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿಕೊಂಡರೆ ಸಾಕು.

ನೈಟ್ರೋಜನ್ ತುಂಬಿಸಿದ ಟೈರಿಗೆ ಈ ಯಂತ್ರದ ಗಾಳಿ ಸೇರಿಸಬಹುದೇ ಎಂಬ ಪ್ರಶ್ನೆಗೆ, ಧಾರಾಳವಾಗಿ ಸೇರಿಸಬಹುದು ಎಂಬುದೇ ಉತ್ತರ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ.

ಕೊಳ್ಳುವಾಗ ಅಂಗಡಿಯಲ್ಲೇ ವೈರಿನ ಉದ್ದ ಪರೀಕ್ಷಿಸಿ, ಹಿಂದಿನ ಟೈರಿಗೂ ಡಿಕ್ಕಿಯಲ್ಲಿರುವ ಸ್ಟೆಪ್ನಿಗೂ ಎಟಕುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಎಷ್ಟೋ ತಿಂಗಳು ಯಾರೂ ಮುಟ್ಟದ ಟೈರು ಅದೇ. ಸ್ಟೆಪ್ನಿ ಸಣ್ಣ ಗಾತ್ರದ ತಾತ್ಕಾಲಿಕ ಟೈರಾಗಿದ್ದರೆ ಅದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕಾಗುತ್ತದೆ. ಅಷ್ಟು ಒತ್ತಡ ಕೊಡಲಾರದ ಯಂತ್ರವನ್ನು, ಎಷ್ಟೇ ಅಗ್ಗವಾಗಿದ್ದರೂ, ಕೊಳ್ಳಬೇಡಿ.